ನಮ್ಮ ಯಜಮಾನರ ಹೊಟ್ಟೆಯ ಕಲ್ಲು

ನಮ್ಮ ಯಜಮಾನರು ಹೋದ ಮೇಲೆ ಅವರದು ಅಂತ ನನ್ನ ಹತ್ತಿರ ಉಳಿದದ್ದು ಒಂದು ಕಲ್ಲು. ಅವರ ಹೊಟ್ಟೆಯಿಂದ ತೆಗೆದದ್ದು. ಅದನ್ನು ದಾರದಲ್ಲಿ ಕೂರಿಸಿ ಕತ್ತಿಗೆ ಹಾಕಿಕೊಳ್ಳಬೇಕು ಅಂತ ನನಗೆ ಆಸೆ ಬಂತು. ಕೇಳಿದವರು ಮುಖ ಸಿಂಡರಿಸಿದರು. ಸಿಂಡರಿಸಿಕೊಳ್ಳಲಿ. ಮುಖ ಅವರದು, ಕಲ್ಲು ನನ್ನದು.

ಅವರು ತೀರಿಕೊಳ್ಳುವುದಕ್ಕೆ ಆರೇಳು ವರ್ಷ ಮೊದಲು ಪಿತ್ತಕೋಶದ ಆಪರೇಷನ್ ಆಗಿತ್ತು. ಮಾರನೆಯ ದಿನ ನರ್ಸಮ್ಮ ಬಂದು ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಳು. ಒಳಗೆ ಒಂದೇ ಕಲ್ಲು. ಹುಣಸೆ ಬೀಜಕ್ಕಿಂತ ದೊಡ್ಡದು, ಅಡಿಕೆಗಿಂತ ಚಿಕ್ಕದು. ಹಳೆಯ ಬೆಲ್ಲದ ಬಣ್ಣ. ಒಂದು ಮಗ್ಗುಲು ಯಾರೋ ತಿಕ್ಕಿ ನಯ ಮಾಡಿದ ಹಾಗೆ ಚಪ್ಪಟೆಯಾಗಿತ್ತು.

"ಕೆಲವರು ಕೇಳ್ತಾರೆ ಅಂತ ಕೊಟ್ಟೆ ಅಜ್ಜಿ. ಬೇಡ ಅಂದ್ರೆ ಬಿಸಾಕ್ತೀವಿ," ಅಂದಳು.

ಬಿಸಾಕಮ್ಮ ಅನ್ನುವುದಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ಮಂಚದಿಂದಲೇ ಕೈ ಚಾಚಿದರು. "ಕೊಡೇ ಇಲ್ಲಿ. ನನ್ ಕಲ್ಲು ಅದು. ನೀನ್ಯಾರು ಬಿಸಾಕೋಕೆ?"

ಮನೆಗೆ ಬಂದ ಮೇಲೆ ಅದೇ ಒಂದು ದೊಡ್ಡಸ್ತಿಕೆಯಾಯಿತು. ಚಿಕ್ಕಲಸಂದ್ರದಲ್ಲಿ ನಮ್ಮ ರಸ್ತೆಯವರು ಯಾರೂ ಆ ಕಲ್ಲು ನೋಡದೆ ಉಳಿಯಲಿಲ್ಲ. ನೋಡುವುದಕ್ಕೆ ಬಂದವರಿಗೆ ಮೊದಲು ಡಬ್ಬಿ, ಆಮೇಲೆ ಕುರ್ಚಿ. ಎದುರು ಮನೆಯವನಿಗೂ ಯಾವತ್ತೋ ಕಿಡ್ನಿಯಲ್ಲಿ ಕಲ್ಲಾಗಿತ್ತು. ಅವನನ್ನು ಕೂರಿಸಿಕೊಂಡು ಕೇಳಿದರು.

"ನಿಂದೆಷ್ಟಿತ್ತೋ?"

"ಮೂರು ಎಂಎಂ ಅಂದ್ರು ಕಣಣ್ಣ."

"ಥೂ, ಅದೂ ಒಂದು ಕಲ್ಲಾ? ಸೊಸೈಟಿ ಅಕ್ಕೀಲಿ ಅದಕ್ಕಿಂತ ದೊಡ್ಡದು ಸಿಗ್ತದೆ."

ನಾನು ಒಳಗಿನಿಂದಲೇ ಅಂದೆ, "ಬಂದವರಿಗೆ ಕಾಫಿ ಕೊಡೋಕ್ ಮುಂಚೆ ಅದನ್ನ ತೋರಿಸ್ತೀರಲ್ಲ, ಕಾಫಿ ಗಂಟಲಲ್ಲಿ ಇಳೀತದಾ ಅವರಿಗೆ?"

"ಇಳೀದಿದ್ರೆ ಹಾಲು ಉಳೀತದೆ ಬಿಡೇ," ಅಂದರು. ಅವರ ಮಾತೇ ಹಾಗೆ. ನನಗೆ ನಗು ಬಂದರೂ ನಗುತ್ತಿರಲಿಲ್ಲ. ನಕ್ಕರೆ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದರು. ಈಗ ಯೋಚಿಸಿದರೆ ನಕ್ಕಿದ್ದರೆ ಏನು ಹೋಗುತ್ತಿತ್ತು ಅನ್ನಿಸುತ್ತದೆ.

ನಮ್ಮದು ಹೂವಿನ ವ್ಯಾಪಾರ. ಬನಶಂಕರಿಯಲ್ಲಿ, ಬಸ್ಸಿಳಿದವರು ಒಳರಸ್ತೆಗೆ ತಿರುಗುವ ಕಡೆ ಫುಟ್‌ಪಾತಿನ ಮೇಲೆ ನಮ್ಮ ಜಾಗ. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಮೊಪೆಡ್ಡಿನಲ್ಲಿ ಹೂವಿನ ಮೂಟೆ ತರುವುದು ಅವರು, ಕಟ್ಟುವುದು ನಾನು. ಕಟ್ಟುವುದು ಅವರಿಗೆ ಕೊನೆಯವರೆಗೂ ಬರಲಿಲ್ಲ. ಬೆರಳು ದಪ್ಪ, ಗಂಟು ಹಾಕಿದರೆ ಮೊಗ್ಗಿನ ಕತ್ತೇ ಕಿತ್ತು ಬರುತ್ತಿತ್ತು. ಅದಕ್ಕೆ ಅವರು ಎದುರಿಗೆ ಕೂತು ಜೋಡಿಸಿಡುತ್ತಿದ್ದರು. ಎರಡು ಮೊಗ್ಗು ಆ ಕಡೆಗೆ, ಎರಡು ಮೊಗ್ಗು ಈ ಕಡೆಗೆ, ತೊಟ್ಟಿಗೆ ತೊಟ್ಟು ತಾಗಿಸಿ, ಮೊರದ ಮೇಲೆ ಸಾಲಾಗಿ. ನಾನು ಗಿರಾಕಿಯ ಮುಖ ನೋಡುತ್ತಾ, ಚೌಕಾಸಿ ಮಾಡುತ್ತಾ, ಕೆಳಗೆ ನೋಡದೆಯೇ ಎತ್ತಿ ಕಟ್ಟುತ್ತಿದ್ದೆ. ಮದುವೆಯಾದ ವರ್ಷದಿಂದ ಅವರು ಹೋಗುವವರೆಗೂ ಹೀಗೇ. ಒಂದು ದಿನವೂ ಆ ಸಾಲು ತಪ್ಪಿ ನನ್ನ ಕೈ ಬರೀ ಮೊರವನ್ನು ಮುಟ್ಟಿದ್ದಿಲ್ಲ.

ಎರಡೂವರೆ ವರ್ಷದ ಹಿಂದೆ ಎದೆನೋವು ಅಂದರು. ಆಟೋ ಆಸ್ಪತ್ರೆಯ ಬಾಗಿಲಿಗೆ ಮುಟ್ಟುವ ಮೊದಲೇ ಮುಗಿದುಹೋಯಿತು. ಕರೆಂಟ್ ಸ್ಮಶಾನದಲ್ಲಿ ಅಷ್ಟು ದೊಡ್ಡ ಆಳು ಒಂದು ಕುಡಿಕೆಯಾಗಿ ಕೈಗೆ ಬಂದರು. ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ನೀರಿಗೆ ಬಿಟ್ಟಾಯಿತು. ಮಲಗುತ್ತಿದ್ದ ಚಾಪೆ, ಹೊದೆಯುತ್ತಿದ್ದ ರಗ್ಗು ಎಸೆದದ್ದಾಯಿತು. ಬಟ್ಟೆಗಳನ್ನು ಯಾರು ಯಾರೋ ಒಯ್ದರು. ಹನ್ನೊಂದನೇ ದಿನ ಇಡುವುದಕ್ಕೆ ಒಂದು ಫೋಟೋ ಬೇಕಿತ್ತು. ಸ್ಟುಡಿಯೋದವನು ರೇಷನ್ ಕಾರ್ಡಿನ ಫೋಟೋ ಹಿಗ್ಗಿಸಿ, ಮುಖ ಬೆಳ್ಳಗೆ ಮಾಡಿ, ಹುಟ್ಟಿದಾಗಿನಿಂದ ಹಾಕದ ಕೋಟು ತೊಡಿಸಿ ಕೊಟ್ಟ. ಗೋಡೆಯ ಮೇಲೆ ಈಗಲೂ ಇದೆ. ಅದು ಯಾರೋ ಬ್ಯಾಂಕಿನ ಮ್ಯಾನೇಜರು.

ತಿಂಗಳಾದ ಮೇಲೆ ಫ್ರಿಜ್ಜಿನ ತಲೆ ಒರೆಸುವಾಗ, ಬಿಪಿ ಮಾತ್ರೆಯ ಹಾಳೆಗಳ ಹಿಂದೆ ಡಬ್ಬಿ ಸಿಕ್ಕಿತು. ಅಲ್ಲೇ ನಿಂತುಕೊಂಡೆ. ಬೆಂಕಿಗೆ ಹೋದದ್ದು ಹೋಯಿತು, ನೀರಿಗೆ ಹೋದದ್ದು ಹೋಯಿತು. ಮೊದಲೇ ಹೊರಗೆ ಬಂದಿದ್ದರಿಂದ ಇದೊಂದು ತಪ್ಪಿಸಿಕೊಂಡಿದೆ. ಫೋಟೋ ಅವರಲ್ಲ, ಚಾಪೆ ಅವರಲ್ಲ. ಇದು ಅವರೇ.

ನನ್ನ ಮಗಳ ಮನೆ ಮಹಡಿಯ ಮೇಲೆ. ಅವಳು ಡಬ್ಬಿ ನೋಡಿ ಮೂಗಿಗೆ ಸೆರಗು ಹಿಡಿದಳು. "ಅಮ್ಮ, ಇದನ್ನೂ ಬೂದಿ ಜೊತೆ ಬಿಟ್ಟುಬಿಡ್ಬೇಕಿತ್ತು. ಸತ್ತೋರ ಮೈಯಿಂದ ಬಂದಿದ್ದು, ಮನೇಲಿ ಇಟ್ಕೋಬಾರ್ದು."

"ನಿಮ್ಮಪ್ಪ ಗೊರಕೆ ಹೊಡ್ಕೊಂಡು ಅಷ್ಟು ವರ್ಷ ಮನೇಲಿದ್ರಲ್ಲ. ಇದು ಸದ್ದೂ ಮಾಡಲ್ಲ, ಇರ್ಲಿ ಬಿಡು."

ಅವಳ ಮಗಳು, ನನ್ನ ಮೊಮ್ಮಗಳು, ಆಫೀಸಿನಿಂದ ಬಂದವಳು ನನ್ನ ಮಂಚದ ಮೇಲೆ ಕೂತು ದಾರದ ಒಡವೆ ಮಾಡುತ್ತಾಳೆ. ಭಾನುವಾರ ಜೆಪಿ ನಗರದ ಅಪಾರ್ಟ್‌ಮೆಂಟುಗಳಲ್ಲಿ ಸಂತೆ ನಡೆದರೆ ಒಂದು ಮೇಜು ಹಾಕಿ ಮಾರುತ್ತಾಳೆ. ಚಿನ್ನ ಇಲ್ಲ, ಬೆಳ್ಳಿ ಇಲ್ಲ. ಬರೀ ದಾರದಲ್ಲಿ ಗಂಟು ಹಾಕಿ ನಡುವೆ ಬಣ್ಣದ ಕಲ್ಲು ಕೂರಿಸುವುದು. ಮೊದಮೊದಲು ನಾನು ಆ ಕಡೆ ನೋಡುತ್ತಿರಲಿಲ್ಲ. ಡಬ್ಬಿ ಸಿಕ್ಕಿದ ಮೇಲೆ ನೋಡುವುದಕ್ಕೆ ಶುರುಮಾಡಿದೆ.

ಕಲ್ಲಿಗೆ ತೂತು ಹಾಕುವುದಿಲ್ಲ, ಅಂಟೂ ಹಾಕುವುದಿಲ್ಲ. ಮೊದಲು ಕಲ್ಲಿನ ಸೊಂಟಕ್ಕೆ ಸರಿಯಾಗಿ ಗಂಟುಗಳ ಒಂದು ಪಟ್ಟಿ ಹೆಣೆಯುತ್ತಾಳೆ. ಆಮೇಲೆ ಪಟ್ಟಿಯ ಮುಂದಿನ ಅಂಚನ್ನೂ ಹಿಂದಿನ ಅಂಚನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ, ಎರಡೂ ಬಾಯಿಗಳನ್ನು ಕಲ್ಲಿಗಿಂತ ಚಿಕ್ಕದು ಮಾಡುತ್ತಾಳೆ. ಕಲ್ಲು ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗೂ ಬರುವ ಹಾಗಿಲ್ಲ, ಮುಚ್ಚಿಯೂ ಹೋಗುವುದಿಲ್ಲ. ನೋಡಬಹುದು, ಮುಟ್ಟಬಹುದು.

ಒಂದು ಸಂಜೆ ಕೇಳಿದೆ. "ನಾನೊಂದು ಕಲ್ಲು ಕೊಟ್ರೆ ಕೂರಿಸ್ತೀಯಾ?"

"ಯಾವ್ ಕಲ್ಲು ಅಜ್ಜಿ? ಹವಳಾನಾ? ಮುಚ್ಚಿಟ್ಕೊಂಡಿದ್ಯಾ ಇಷ್ಟ್ ದಿನ?"

ಡಬ್ಬಿ ತೆಗೆದು ಮುಂದಿಟ್ಟೆ. ಅವಳು ಕಾಲು ಮೇಲಕ್ಕೆತ್ತಿಕೊಂಡಳು, ನೆಲದ ಮೇಲೆ ಜಿರಳೆ ಬಂದ ಹಾಗೆ.

"ಅಜ್ಜಿ, ಛೀ. ತಾತಂದು ಗಾಲ್ ಸ್ಟೋನ್ ಅದು. ಅದನ್ನ ಯಾರಾದ್ರೂ ಹಾಕ್ಕೋತಾರಾ?"

"ಹಾಕ್ಕೊಂಡು ಸಂತೆಗೆ ಬರ್ತೀನಿ ಅಂದ್ನಾ? ನನ್ ಕತ್ತು, ನನ್ ರವಿಕೆ, ಒಳಗಡೆ ಇರ್ತದೆ."

"ಸಾರಿ ಅಜ್ಜಿ, ನಾನಂತೂ ಮುಟ್ಟಲ್ಲ."

"ಆ ಮನುಷ್ಯ ನಿನ್ನ ಕಕ್ಕ ತೊಳೆದಿದ್ದಾನೆ. ಒಂದ್ ಸಲ ಅಲ್ಲ."

ಎತ್ತಿಕೊಂಡಿದ್ದ ಕಾಲು ಕೆಳಗಿಳಿಸಿದಳು. ಆಮೇಲೆ, "ಹೇಳ್ಕೊಡ್ತೀನಿ. ನೀನೇ ಮಾಡ್ಕೋ. ಮುಟ್ಟು ಅನ್ಬೇಡ ಅಷ್ಟೇ," ಅಂದಳು.

ಹೀಗೆ ಅರವತ್ತಾರರ ವಯಸ್ಸಿಗೆ ಮೊಮ್ಮಗಳ ಹತ್ತಿರ ಪಾಠಕ್ಕೆ ಕೂತೆ. ಅವಳು ಹಲಗೆಗೆ ದಾರ ಸಿಕ್ಕಿಸಿ, ಗುಂಡುಸೂಜಿ ಚುಚ್ಚಿ ಕೆಲಸ ಮಾಡುತ್ತಾಳೆ. ನನಗೆ ಹಲಗೆ ಒಗ್ಗಲಿಲ್ಲ. ನೆಲದ ಮೇಲೆ ಕಾಲು ಚಾಚಿ, ಹೆಬ್ಬೆರಳಿಗೆ ದಾರ ಸಿಕ್ಕಿಸಿ ಎಳೆದುಕೊಂಡೆ. ಅವಳು ನಕ್ಕು ಮೊಬೈಲಿನಲ್ಲಿ ನನ್ನ ಕಾಲಿನ ಫೋಟೋ ತೆಗೆದಳು.

ಗಂಟು ಒಂದೇ ದಿನಕ್ಕೆ ಬಂತು. ಗಂಟು ಹಾಕುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಬಿಗಿ ಬರಲಿಲ್ಲ. ಹೂವಿನ ಕಟ್ಟು ಬೇರೆ. ಮೊಗ್ಗಿನ ಕತ್ತು ಕುಯ್ಯದ ಹಾಗೆ ಹಿಡಿಯಬೇಕು, ಬೆಳಗಿನಿಂದ ಸಂಜೆಯವರೆಗೆ ಹಿಡಿದರೆ ಸಾಕು. ರಾತ್ರಿ ಯಾರ ಮುಡಿಯಲ್ಲಿ ಬಿಚ್ಚಿ ಉದುರಿದರೂ ನನ್ನನ್ನು ಕೇಳುವವರಿಲ್ಲ. ಆ ಕೈಯಿಂದ ಕಲ್ಲು ಕಟ್ಟಿದರೆ ನಿಲ್ಲುತ್ತದೆಯೇ? ಮೊದಲು ಹುಣಸೆ ಬೀಜ ಕಟ್ಟಿದೆ, ಎತ್ತಿ ಆಡಿಸಿದರೆ ಬಿತ್ತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು, ಅಲ್ಲಿಂದ ಜಲ್ಲಿ ಆರಿಸಿ ತಂದು ಕಟ್ಟಿದೆ, ಅದೂ ಬಿತ್ತು. ಹನ್ನೆರಡೋ ಹದಿಮೂರೋ ಜಲ್ಲಿ ಆದ ಮೇಲೆ ಒಂದು ನಿಂತಿತು. ಅದನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ ಒಂದು ವಾರ ನೋಡಿದೆ. ಬೀಳಲಿಲ್ಲ.

ಇನ್ನು ಅವರನ್ನು ಕಟ್ಟಬಹುದು ಅಂದುಕೊಂಡೆ.

ಆದರೆ ದಾರದ ತಕರಾರು ಬಂತು. ಮೊಮ್ಮಗಳ ದಾರ ಮೇಣ ಹಚ್ಚಿದ್ದು, ನೈಲಾನಿನ ಜಾತಿ. ಕೊನೆಯಲ್ಲಿ ಉಳಿದ ತುದಿಗಳನ್ನು ಕತ್ತರಿಸಿ ಲೈಟರಿನಿಂದ ಸುಡುತ್ತಾಳೆ. ತುದಿ ಕರಗಿ ಗಂಟಿಗೆ ಅಂಟಿಕೊಳ್ಳುತ್ತದೆ, ಮತ್ತೆ ಬಿಚ್ಚುವುದಿಲ್ಲ.

"ಬೆಂಕಿ ಬೇಡ," ಅಂದೆ.

"ಒಂದ್ ಸೆಕೆಂಡ್ ಅಜ್ಜಿ. ಕಲ್ಲಿಗೆ ತಾಗೋದೇ ಇಲ್ಲ."

"ತಾಗ್ಲಿ ಬಿಡ್ಲಿ, ಬೇಡ. ಅವರದ್ದು ಬೇರೆಯೆಲ್ಲ ಬೆಂಕಿಗೆ ಕೊಟ್ಟಾಗಿದೆ. ಇದಕ್ಕೆ ತೋರ್ಸೋದೂ ಬೇಡ."

ಅವಳು ಲೈಟರು ಜೇಬಿಗೆ ಹಾಕಿಕೊಂಡಳು. "ಹಾಗಾದ್ರೆ ಕಾಟನ್ ತಗೋ. ತುದೀನ ಒಳಗೆ ಸೇರಿಸಿ ಹೊಲಿದ್ರೆ ಆಗತ್ತೆ."

ಜಯನಗರಕ್ಕೆ ಹೋಗಿ, ಸೂಜಿ ಗುಂಡಿ ಲೇಸು ಮಾರುವ ಅಂಗಡಿಯಲ್ಲಿ ಹುರಿ ಮಾಡಿದ ಹತ್ತಿ ದಾರ ಕೇಳಿದೆ. ಅಂಗಡಿಯವನು, "ಉಡುದಾರಕ್ಕಾ ಅಮ್ಮ? ಮಗು ಎಷ್ಟ್ ತಿಂಗಳದ್ದು?" ಅಂದ. ಎಪ್ಪತ್ತು ವರ್ಷದ್ದು ಅಂತ ಬಾಯಿಗೆ ಬಂತು. ಕಪ್ಪಿನದು ಒಂದು ಉಂಡೆ ಕೊಡಪ್ಪ ಅಂತ ಮಾತ್ರ ಹೇಳಿದೆ.

ಒಂದು ಮಂಗಳವಾರ ಹೂವು ಬೇಗ ಮುಗಿಯಿತು. ಮಧ್ಯಾಹ್ನ ಊಟ ಮಾಡಿ, ಕೈ ತೊಳೆದು, ಬಾಗಿಲ ಹತ್ತಿರ ಬೆಳಕಿಗೆ ಕೂತೆ. ಕಲ್ಲನ್ನು ಡಬ್ಬಿಯಿಂದ ಅಂಗೈಗೆ ಹಾಕಿಕೊಂಡೆ. ಎರಡು ವರ್ಷದಲ್ಲಿ ಇನ್ನೂ ಒಣಗಿತ್ತು. ಹುರಿದ ಕಡಲೆಯ ಹಾಗೆ ಹಗುರ. ಯಾರೂ ಇರಲಿಲ್ಲ, ಹಾಗಾಗಿ ಮಾತಾಡಿಸಿದೆ. ಏನಂದೆ ಅನ್ನುವುದು ಇಲ್ಲಿ ಬೇಡ. ಬೈದದ್ದೇ ಹೆಚ್ಚು.

ಇಲ್ಲಿಯೇ ನಾನು ಕೆಡಿಸಿದ್ದು. ಹೂವು ಕಟ್ಟುವವರ ಪಕ್ಕದಲ್ಲಿ ಯಾವಾಗಲೂ ಒಂದು ಚೊಂಬು ನೀರು ಇರುತ್ತದೆ. ಬಾಳೆನಾರು ಒಣಗಿದ್ದರೆ ಪಟ್ ಅಂತ ಕಿತ್ತು ಬರುತ್ತದೆ. ನೆನೆಸಿದರೆ ಮೆತ್ತಗಾಗಿ ಬೆರಳಿನ ಮಾತು ಕೇಳುತ್ತದೆ. ಆಮೇಲೆ ಒಣಗುತ್ತಾ ಬಿಗಿದುಕೊಂಡು ತೊಟ್ಟನ್ನು ಹಿಡಿಯುತ್ತದೆ. ಕಟ್ಟು ನಿಲ್ಲುವುದೇ ಅದರಿಂದ. ಆವತ್ತೂ ಕೂರುವಾಗ ಚೊಂಬು ತಂದಿಟ್ಟುಕೊಂಡಿದ್ದೆ. ಯಾಕೆ ತಂದೆ ಅಂತ ನನಗೇ ಗೊತ್ತಿಲ್ಲ. ಹುರಿ ಒರಟಾಗಿತ್ತು, ಚೊಂಬಿನಲ್ಲಿ ಅದ್ದಿದೆ, ಮೆತ್ತಗಾಯಿತು. ಗಂಟುಗಳು ಎಷ್ಟು ಚೆನ್ನಾಗಿ ಕೂತವು ಅಂದರೆ ನನಗೇ ಹೆಮ್ಮೆ. ಸೊಂಟದ ಪಟ್ಟಿ, ಮುಂದಿನ ಬಾಯಿ, ಹಿಂದಿನ ಬಾಯಿ. ಕಲ್ಲು ಅಳ್ಳಾಡಲಿಲ್ಲ. ಮುಗಿದ ಮೇಲೆ ಮಾಲೆಗೆ ಚಿಮುಕಿಸುವ ಹಾಗೆ ಅದರ ಮೇಲೂ ನೀರು ಚಿಮುಕಿಸಿದೆ. ತಾರಸಿಯ ಮೇಲೆ ಬಟ್ಟೆ ಒಣಗುವ ತಂತಿಗೆ ನೇತುಹಾಕಿ ಬಂದು ಮಲಗಿದೆ. ಒಳ್ಳೆಯ ಬಿಸಿಲಿತ್ತು. ಆ ಎರಡು ವರ್ಷದಲ್ಲಿ ಹಗಲು ಹೊತ್ತು ನಿದ್ದೆ ಬಂದದ್ದು ಅದೇ ಮೊದಲು.

ಸಂಜೆ ಮೊಮ್ಮಗಳು ಬಂದು ಎಬ್ಬಿಸಿದಳು. ಬಟ್ಟೆ ತರುವುದಕ್ಕೆ ಹೋಗಿದ್ದಳು. ಅವಳ ಕೈಯಲ್ಲಿ ದಾರವಿತ್ತು. ದೂರ ಹಿಡಿದುಕೊಂಡಿರಲಿಲ್ಲ.

"ಅಜ್ಜಿ, ದಾರ ನೆನೆಸಿದ್ಯಾ?"

"ನೆನೆಸ್ದೆ ಕಟ್ಟೋಕಾಗ್ತದಾ?"

"ಕಾಟನ್ ಶ್ರಿಂಕ್ ಆಗತ್ತೆ ಅಜ್ಜಿ. ಹೊಸ ಚೂಡಿದಾರ್ ಒಗೆದ್ರೆ ಗಿಡ್ಡ ಆಗಲ್ವಾ, ಹಾಗೆ."

ಎದ್ದು ಕೂತು ಇಸಿದುಕೊಂಡೆ. ದಾರ ಕಬ್ಬಿಣದ ಬಳೆಯ ಹಾಗೆ ಬಿಗಿದಿತ್ತು. ಒಳಗೆ ಕಲ್ಲು ಅಡ್ಡಡ್ಡ ಸೀಳಿತ್ತು. ಅಲುಗಿಸಿದರೆ ಗಂಟುಗಳ ಸಂದಿಯಿಂದ ಬೆಲ್ಲದ ಬಣ್ಣದ ಪುಡಿ ನನ್ನ ಸೀರೆಯ ಮೇಲೆ ಉದುರಿತು.

ಒಣಗಿದರೆ ಬಿಗಿಯುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಅದರ ಮೇಲೇ ಬದುಕಿದ್ದು ನಾನು. ತೊಟ್ಟು ಮೆತ್ತಗಿರುತ್ತದೆ, ಬಿಗಿದರೆ ಬಗ್ಗುತ್ತದೆ. ಕಲ್ಲು ಎಲ್ಲಿ ಬಗ್ಗಬೇಕು? ಪುಡಿ ಬಿದ್ದ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲುಗದೆ ಕೂತೆ. ಏಳುವುದಕ್ಕೆ ಭಯವಾಯಿತು. ಎದ್ದರೆ ಅಷ್ಟೂ ನೆಲದ ಪಾಲು. ಅವರು ಸತ್ತ ದಿನ ನೆಂಟರೆಲ್ಲ ಅಳು ಅಳು ಅಂತ ಬೆನ್ನು ತಟ್ಟಿದ್ದರು, ಆಗ ಬಂದಿರಲಿಲ್ಲ. ಈಗ ಬಂತು. ಅದೂ ಮೂಗು ಒರೆಸಿಕೊಳ್ಳುವುದಕ್ಕೂ ಕೈ ಖಾಲಿ ಇಲ್ಲದಾಗ.

ಮೊಮ್ಮಗಳು ಮುಂದೆ ಕೂತು, ಒಂದು ಬಿಳಿ ಹಾಳೆ ಹಾಸಿ, ಸೀರೆಯ ಪುಡಿಯನ್ನು ಬೆರಳ ತುದಿಯಿಂದ ಹಾಳೆಗೆ ತಟ್ಟಿದಳು. ಆಮೇಲೆ ಸಣ್ಣ ಕತ್ತರಿಯಲ್ಲಿ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದಳು. ಕಲ್ಲು ಎರಡು ಹೋಳಾಗಿ ಅವಳ ಅಂಗೈಯಲ್ಲಿ ಬಿತ್ತು. ಮುಟ್ಟಲ್ಲ ಅಂದಿದ್ದು ಅವಳಿಗೆ ಆಗ ನೆನಪಿತ್ತೋ ಇಲ್ಲವೋ ನಾನು ಕೇಳಲಿಲ್ಲ.

"ಅಜ್ಜಿ, ಒಳಗೆ ನೋಡು."

ಬೆಳಕಿಗೆ ಹಿಡಿದಳು. ಈರುಳ್ಳಿ ಅಡ್ಡ ಕೊಯ್ದ ಹಾಗೆ ಸುತ್ತು ಸುತ್ತು. ಹೊರಗೆ ಕಂದು, ಅದರೊಳಗೆ ಹಳದಿ, ಮತ್ತೆ ಕಂದು, ಮತ್ತೆ ಹಳದಿ. ನಟ್ಟನಡುವೆ ಸಾಸಿವೆಯಷ್ಟು ಕಪ್ಪು.

"ಸ್ವಲ್ಪ ಸ್ವಲ್ಪನೇ ಬೆಳೆದಿದೆ. ಎಷ್ಟು ವರ್ಷದ್ದು ಅಂದಿದ್ರು ಡಾಕ್ಟ್ರು?"

"ಹತ್ತು ಹದಿನೈದು ಇರ್ಬೋದು ಅಂದಿದ್ರು."

ಆಪರೇಷನ್ನಿಗೆ ಹದಿನೈದು ವರ್ಷ ಮೊದಲು ಅಂದರೆ ಆ ಕಪ್ಪು ಚುಕ್ಕಿ ಕೂತಾಗ ಇವಳಿನ್ನೂ ತೊಟ್ಟಿಲಲ್ಲಿ. ಅವರು ಜೋಡಿಸಿಡುತ್ತಿದ್ದಾಗ, ನಾನು ಕಟ್ಟುತ್ತಿದ್ದಾಗ, ಇಬ್ಬರೂ ಬೈದಾಡಿಕೊಂಡು ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದಾಗ ಇದು ಒಳಗೆ ಸುತ್ತಿಕೊಳ್ಳುತ್ತಾ ಇತ್ತು. ಎಷ್ಟೋ ಸಲ ಬಲಪಕ್ಕೆ ಹಿಡಿದುಕೊಂಡು ಬಗ್ಗಿ ಕೂರುತ್ತಿದ್ದರು. "ಬೋಂಡ ಕಮ್ಮಿ ತಿನ್ನಿ ಅಂದ್ರೆ ಕೇಳಲ್ಲ," ಅಂದು ನಾನು ಮುಂದಿನ ಮೊಳ ಹಾಕುತ್ತಿದ್ದೆ. ಒಂದು ಸಲ ಆ ಜಾಗದ ಮೇಲೆ ಕೈ ಇಟ್ಟು ಎಲ್ಲಿ ನೋವು ಅಂತ ಕೇಳಿದ್ದರೆ ಅಂತ ಈಗ ಅನ್ನಿಸುತ್ತದೆ. ಕೇಳಿದ್ದರೆ ಕಲ್ಲು ಕರಗುತ್ತಿರಲಿಲ್ಲ. ನನ್ನ ಕೈಗಾದರೂ ಆ ಜಾಗ ಗೊತ್ತಿರುತ್ತಿತ್ತು.

ಮಗಳು ಮೇಲಿನಿಂದ ಇಳಿದು ಬಂದಳು, ಹಾಳೆ ನೋಡಿದಳು, ನನ್ನ ಮುಖ ನೋಡಿದಳು. ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. "ಪುಡೀನಾದ್ರೂ ನೀರಿಗೆ ಬಿಡೋಣ ಅಮ್ಮ. ಅಪ್ಪನ್ನ ಬಿಟ್ಟ ಕಡೆನೇ," ಅಂದಳು. ಆಗಲಿ ಅಂದೆ. ಪುಡಿಯನ್ನೂ ಚಿಕ್ಕ ಹೋಳನ್ನೂ ಮಡಿಸಿ ಅವಳಿಗೆ ಕೊಟ್ಟೆ. ದೊಡ್ಡ ಹೋಳನ್ನು ಕೊಡಲಿಲ್ಲ. ಅವಳೂ ಕೇಳಲಿಲ್ಲ.

ಭಾನುವಾರ ಮೊಮ್ಮಗಳು ಸಂತೆಗೆ ಹೋಗದೆ ಕೂತು ಆ ಹೋಳನ್ನು ತಾನೇ ಕೂರಿಸಿದಳು. ಹತ್ತಿ ದಾರವೇ, ಆದರೆ ಮೊದಲೇ ನೆನೆಸಿ ಒಣಗಿಸಿ ಇಟ್ಟದ್ದು. ಸುತ್ತುಗಳು ಕಾಣುವ ಮಗ್ಗುಲು ಒಳಗಡೆಗೆ, ನನ್ನ ಮೈಯ ಕಡೆಗೆ ಇರಲಿ ಅಂದೆ. ಚೊಂಬನ್ನು ಮಾತ್ರ ಅವಳು ಮೊದಲೇ ಅಡುಗೆಮನೆಗೆ ಇಟ್ಟು ಬಂದಿದ್ದಳು.

ಕತ್ತಿಗೆ ಕಟ್ಟುವಾಗ ಹೇಳಿದಳು. "ಅಜ್ಜಿ, ಇದು ತಡ್ಕೊಳಲ್ಲ. ಬೆವರು ತಾಗಿದ್ರೆ ಸವೆಯ್ತಾ ಹೋಗತ್ತೆ. ಡಬ್ಬಿಲಿಟ್ರೆ ಹಾಗೇ ಇರತ್ತೆ. ಯಾವಾಗ್ಲಾದ್ರೂ ತೆಗೆದು ನೋಡ್ಕೋ."

"ಎಷ್ಟ್ ದಿನ ಬರ್ಬೋದು ಹಾಕ್ಕೊಂಡ್ರೆ?"

"ಗೊತ್ತಿಲ್ಲ. ಒಂದ್ ವರ್ಷ? ಎರಡು?"

"ಡಬ್ಬೀಲಿ?"

"ನಿನಗಿಂತ ಜಾಸ್ತಿ ದಿನ ಇರತ್ತೆ."

ನನಗಿಂತ ಜಾಸ್ತಿ ದಿನ ಇದ್ದು ಅದು ಏನು ಮಾಡಬೇಕು? ಮಗಳು ಹೆದರಿಕೊಳ್ಳುವುದಕ್ಕೆ ಒಂದು ಡಬ್ಬಿ ಬಿಟ್ಟು ಹೋದ ಹಾಗೆ. ಕಟ್ಟು ಅಂದೆ. ಕಟ್ಟಿದಳು.

ಈಗ ಎಂಟು ತಿಂಗಳಾಯಿತು. ಬನಶಂಕರಿಯಲ್ಲಿ ಹಳೆಯ ಗಿರಾಕಿಯೊಬ್ಬಳು ದಾರ ಕಂಡು, "ಏನಮ್ಮ, ರುದ್ರಾಕ್ಷಿ ಹಾಕ್ಕೊಂಡ್ಯಾ?" ಅಂತ ಕೇಳಿದಳು. ಹೂಂ ಅಂದೆ, ಅವಳಿಗೆ ಒಂದು ಮೊಳ ಕಾಕಡ ಅಳೆದುಕೊಟ್ಟೆ. ಮೊಗ್ಗುಗಳನ್ನು ನಾನೇ ಜೋಡಿಸಿಕೊಂಡು ನಾನೇ ಕಟ್ಟುವುದರಿಂದ ಈಗ ಮೊದಲಿನಷ್ಟು ಓಡುವುದಿಲ್ಲ ಕೈ.

ಮೊಮ್ಮಗಳು ಹೇಳಿದ್ದು ನಿಜ. ಸವೆಯುತ್ತಿದೆ. ಬೇಸಿಗೆಯಲ್ಲಿ ಹೆಚ್ಚು. ಫುಟ್‌ಪಾತಿನ ಬಿಸಿಲಿನಲ್ಲಿ ಬೆಳಗಿನಿಂದ ಕೂತು ಬಂದ ದಿನ ರವಿಕೆ ಬಿಚ್ಚಿದರೆ ಎದೆಯ ನಡುವೆ ಬೆಲ್ಲದ ಬಣ್ಣದ ಒಂದು ಗೆರೆ ಇಳಿದಿರುತ್ತದೆ. ಬಚ್ಚಲಿನಲ್ಲಿ ನಿಂತು ಅದನ್ನು ಸ್ವಲ್ಪ ಹೊತ್ತು ನೋಡುತ್ತೇನೆ. ಆಮೇಲೆ ನೀರು ಹುಯ್ದುಕೊಳ್ಳುತ್ತೇನೆ.